ಸ್ಕಾಟ್ಲೆಂಡ್ ಪ್ರೈಮರಿ ಸ್ಕೂಲು, ಮಲಾವಿ ಅಕ್ಕಿ, ತಿಪಟೂರು ಕಡೆ ಪ್ರಶ್ನೆಗಳು

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಯಾರೋ ಬೆಂಗಳೂರಿನ ಒಂದು ಸ್ಕೂಲಿನ ಆ್ಯಡ್ ಹಾಕಿದ್ರು, "ನಿಮ್ಮ ಮಗುವನ್ನು ಗ್ಲೋಬಲ್ ಸಿಟಿಜನ್ ಮಾಡುತ್ತೇವೆ" ಅಂತ. ಫೋಟೋದಲ್ಲಿ ಕೋಟು ಟೈ ಹಾಕಿರೋ ಮಕ್ಕಳು, ಕೈಯಲ್ಲೊಂದು ಗ್ಲೋಬು, ಹಿಂದೆ ಸಾಲಾಗಿ ಬಾವುಟಗಳು. ಫೀಸು ಎಷ್ಟು ಅಂತ ಮಾತ್ರ ಹಾಕಿಲ್ಲ, ಫೋನ್ ಮಾಡಿ ಕೇಳ್ಬೇಕಂತೆ. ಕೆಳಗೆ ನನ್ನ ಟ್ಯಾಗ್ ಮಾಡಿ "ನೀನು ಫಾರಿನ್ ಸ್ಕೂಲಲ್ಲೇ ಕೆಲ್ಸ ಮಾಡ್ತೀಯಲ್ಲಮ್ಮ, ಅಲ್ಲಿ ಇದನ್ನ ಹೆಂಗೆ ಹೇಳಿಕೊಡ್ತಾರೆ ಒಂಚೂರು ಬರಿ" ಅಂದ್ರು. ಗ್ರೂಪಲ್ಲಿ ಬರೆದ್ರೆ ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಕಳೆದೋಗುತ್ತೆ, ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಆಗುತ್ತೆ, ಬೈಕೋಬೇಡಿ.

ನಾನಿರೋದು ಸ್ಕಾಟ್ಲೆಂಡಿನ ಒಂದು ಸಣ್ಣ ಊರಲ್ಲಿ, ಕೌನ್ಸಿಲ್ ನಡೆಸೋ ಪ್ರೈಮರಿ ಸ್ಕೂಲಲ್ಲಿ ಸಪೋರ್ಟ್ ಅಸಿಸ್ಟೆಂಟು. ಟೀಚರ್ ಅಲ್ಲ. ಪೇಂಟ್ ಬ್ರಷ್ ತೊಳೆಯೋದು, ಆಟದ ಬಯಲಲ್ಲಿ ಜಗಳ ಬಿಡಿಸೋದು, ಓದೋಕೆ ಕಷ್ಟಪಡೋ ಮಕ್ಕಳ ಪಕ್ಕ ಕೂತು ಓದಿಸೋದು, ಇಷ್ಟೇ. ಆದ್ರೆ ಪಕ್ಕದಲ್ಲೇ ಕೂರೋದ್ರಿಂದ, ಪಾಠ ಹೇಳೋರಿಗೆ ಕೇಳಿಸದೇ ಇರೋ ಮಾತುಗಳೆಲ್ಲ ನನ್ನ ಕಿವಿಗೆ ಬೀಳುತ್ತೆ.

ಇಲ್ಲಿ 2010ರಿಂದ ನಡೀತಿರೋ ಪಠ್ಯಕ್ರಮಕ್ಕೆ ಕರಿಕ್ಯುಲಮ್ ಫಾರ್ ಎಕ್ಸಲೆನ್ಸ್ ಅಂತಾರೆ. ಆ ಆ್ಯಡಲ್ಲಿರೋ ಗ್ಲೋಬಲ್ ಸಿಟಿಜನ್ ವಿಷಯ, ಅಂದ್ರೆ ಜಾಗತಿಕ ಪೌರತ್ವ ಅಂತ ಅದರಲ್ಲಿ ಬೇರೆ ಸಬ್ಜೆಕ್ಟೇನಿಲ್ಲ, ಅದಕ್ಕೊಂದು ಪುಸ್ತಕ ಇಲ್ಲ, ಟೆಸ್ಟೂ ಇಲ್ಲ. ಪರಿಸರ, ಕ್ಲಾಸಿನ ಹೊರಗೆ ಹೋಗಿ ಕಲಿಯೋದು, ಜಾಗತಿಕ ಪೌರತ್ವ ಈ ಮೂರನ್ನೂ ಲರ್ನಿಂಗ್ ಫಾರ್ ಸಸ್ಟೇನಬಿಲಿಟಿ ಅನ್ನೋ ಒಂದೇ ಹೆಸರಿಗೆ ಸೇರಿಸಿ, ಗಣಿತ ಇರ್ಲಿ ಭಾಷೆ ಇರ್ಲಿ ಎಲ್ಲದರಲ್ಲೂ ಇದು ಬರ್ಬೇಕು ಅಂತ ಹೇಳಿದಾರೆ. ಬರುತ್ತಾ? ಅದು ಟೀಚರ್ ಯಾರು ಅನ್ನೋದರ ಮೇಲೆ. ಕೆಲವು ಕಡೆ ಬರೋದು ವರ್ಷಕ್ಕೊಂದು ದಿನ, ಗೋಡೆ ತುಂಬ ಬಾವುಟ, ಮಧ್ಯಾಹ್ನ ಸಮೋಸ, ಸಾಯಂಕಾಲ ಬಾಲಿವುಡ್ ಡ್ಯಾನ್ಸು. ಆವತ್ತು ನನಗೆ ಸೀರೆ ಉಟ್ಕೊಂಡು ಬನ್ನಿ ಅಂತಾರೆ. ಉಟ್ಕೊಂಡು ಹೋಗ್ತೀನಿ, ಮಕ್ಕಳಿಗೂ ಖುಷಿ, ನನಗೂ ಖುಷಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸೀರೆ ನೋಡಿ ಯಾವ ಮಗುವೂ ಪ್ರಪಂಚದ ಬಗ್ಗೆ ಹೊಸ ಪ್ರಶ್ನೆ ಕೇಳಿದ್ದು ನಾನು ಕಂಡಿಲ್ಲ, "ಇದು ಬಿಚ್ಚೋಗಲ್ವಾ" ಅನ್ನೋದೊಂದು ಬಿಟ್ಟು.

ಬೇರೆ ದೇಶದ ಜೊತೆ ಸಂಬಂಧ ಅಂದ್ರೆ ಇಲ್ಲಿ ಮೊದಲು ನೆನಪಾಗೋದು ಮಲಾವಿ. ಆಫ್ರಿಕಾದ ಆಗ್ನೇಯಕ್ಕಿರೋ ಸಣ್ಣ ದೇಶ. ಆ ಕಡೆಯೆಲ್ಲ ಸುತ್ತಾಡಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ್ದು ಗ್ಲಾಸ್ಗೋ ಹತ್ರದ ಬ್ಲಾಂಟೈರ್ ಅನ್ನೋ ಊರಲ್ಲಿ, ಮಲಾವಿಯ ದೊಡ್ಡ ವ್ಯಾಪಾರದ ಊರಿಗೂ ಅದೇ ಹೆಸರಿಟ್ಟಿದಾರೆ. 2005ರಲ್ಲಿ ಎರಡೂ ಸರ್ಕಾರಗಳು ಒಂದು ಒಪ್ಪಂದ ಮಾಡ್ಕೊಂಡ್ವು, ಇಲ್ಲಿಯ ಎಷ್ಟೋ ಸ್ಕೂಲುಗಳು ಅಲ್ಲಿಯ ಸ್ಕೂಲುಗಳ ಜೊತೆ ಜೋಡಿಯಾಗಿವೆ, ನಮ್ಮದೂ ಅದರಲ್ಲೊಂದು. ಕೇಳೋಕೆ ಚೆನ್ನಾಗಿದೆ. ಆದ್ರೆ ನಾನು ಸೇರ್ದಾಗ ನಡೀತಿದ್ದಿದ್ದೇನಪ್ಪ ಅಂದ್ರೆ, ಇಲ್ಲಿ ಕೇಕ್ ಮಾರಿ ದುಡ್ಡು ಸೇರಿಸೋದು, ಅಲ್ಲಿಗೆ ಪೆನ್ಸಿಲ್ಲು ಫುಟ್‌ಬಾಲು ಕಳಿಸೋದು, ಅಲ್ಲಿಂದ ಥ್ಯಾಂಕ್ಯೂ ಪತ್ರ ಬರೋದು. ಪತ್ರಗಳೆಲ್ಲ ಒಂದೇ ಥರ, ಯಾಕಂದ್ರೆ ಚಿಚೆವಾ ಮಾತಾಡೋ ಮಕ್ಕಳು ಇನ್ನೂ ಕಲೀತಿರೋ ಇಂಗ್ಲಿಷಲ್ಲಿ ಬರೀಬೇಕು, ಬರೋದಷ್ಟು ಬರೀತಾರೆ ಪಾಪ. ಅದನ್ನ ಓದಿದ ನಮ್ಮ ಹುಡುಗ ಒಬ್ಬ "ಅವರು ಬಡವರು ಆದ್ರೆ ಖುಷಿಯಾಗಿದಾರೆ, ನಾನು ಪುಣ್ಯವಂತ" ಅಂತ ನೋಟ್‌ಬುಕ್ಕಲ್ಲಿ ಬರೆದ, ಅದಕ್ಕೊಂದು ಸ್ಟಾರ್ ಕೂಡ ಸಿಕ್ತು.

ಆ ಸ್ಟಾರ್ ನೋಡಿ ನನಗೆ ಮೈ ಉರೀತು ಕಣ್ರಿ. ಬರೀ ಇವರನ್ನ ಬೈಯೋಕೆ ನನಗೆ ಹಕ್ಕಿಲ್ಲ, ನಾವು ಬೆಳೆದ ಕಾಲದಲ್ಲಿ ಸಣ್ಣಗಿರೋ ಮಕ್ಕಳನ್ನ "ಸೋಮಾಲಿಯಾ" ಅಂತ ಕರೀತಿದ್ದಿದ್ದು ನಮ್ಮ ಸ್ಕೂಲುಗಳಲ್ಲೇ, ಟೀಚರ್‌ಗಳೂ ನಗ್ತಿದ್ರು. ವನೆಸ್ಸಾ ಆಂಡ್ರಿಯೊಟ್ಟಿ ಅಂತ ಬ್ರೆಜಿಲ್ ಮೂಲದ ಪ್ರೊಫೆಸರ್ ಒಬ್ರಿದಾರೆ, 2006ರಲ್ಲಿ ಇದರ ಬಗ್ಗೆ ಬರೆದ ಅವರ ಲೇಖನವನ್ನ ಇಲ್ಲಿ ಟೀಚರ್ ಟ್ರೈನಿಂಗ್‌ಗಳಲ್ಲಿ ಆಗಾಗ ನೆನೆಸ್ಕೋತಾರೆ. ಅವರು ಹೇಳೋದು ನನ್ನ ಮಾತಲ್ಲಿ ಹೇಳೋದಾದ್ರೆ, ಒಂದು ಥರದ ಜಾಗತಿಕ ಪೌರತ್ವ "ಅಯ್ಯೋ ಪಾಪ, ಸಹಾಯ ಮಾಡೋಣ" ಅನ್ನೋದು, ಇನ್ನೊಂದು "ಇದು ಯಾಕೆ ಹಿಂಗಾಯ್ತು, ಇದರಲ್ಲಿ ನಮ್ಮ ಪಾತ್ರ ಏನು" ಅನ್ನೋದು. ಮೊದಲನೇದು ಸಲೀಸು, ಫೋಟೋಗೂ ಚೆನ್ನಾಗಿ ಬರುತ್ತೆ. ಎರಡನೇದು ಹತ್ತು ವರ್ಷದ ಮಕ್ಕಳಿಗೆ ಆಗಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಆಗುತ್ತೆ. ನಾನು ಪಕ್ಕದಲ್ಲೇ ಕೂತು ನೋಡಿದೀನಿ.

ಪಿ6ಗೆ, ಅಂದ್ರೆ ನಮ್ಮ ಐದನೇ ಕ್ಲಾಸ್ ವಯಸ್ಸಿನ ಮಕ್ಕಳಿಗೆ, ಹೊಸ ಟೀಚರ್ ಒಬ್ರು ಬಂದ್ರು. ಅವರು ಮಲಾವಿಗೆ ಬರೆದಿದ್ದು ಒಂದೇ ಮಾತು, ಈ ಸಲ ನಾವು ಏನೂ ಹೇಳಲ್ಲ, ನಿಮ್ಮ ಮಕ್ಕಳಿಗೆ ನಮ್ಮ ಬಗ್ಗೆ ಏನು ಗೊತ್ತಾಗ್ಬೇಕೋ ಅದನ್ನ ಕೇಳಿಸಿ, ಅವರ ಭಾಷೆಯಲ್ಲೇ ಕೇಳಲಿ, ನೀವು ಇಂಗ್ಲಿಷಿಗೆ ತಿರುಗಿಸಿ ವಾಯ್ಸ್ ಮೆಸೇಜ್ ಕಳಿಸಿ. ಬಂದ ಪ್ರಶ್ನೆ ಏನು ಗೊತ್ತಾ? "ನೀವು ಮುಸುಕಿನ ಜೋಳ ಯಾವಾಗ ಬಿತ್ತೀರ? ಮಳೆ ಲೇಟಾದ್ರೆ ಏನು ಮಾಡ್ತೀರ?" ಕ್ಲಾಸು ಗಪ್‌ಚುಪ್. ಸ್ಕೂಲಿನ ಕಾಂಪೌಂಡ್ ದಾಟಿದ್ರೆ ಹೊಲ, ಆ ಹೊಲದಲ್ಲಿ ಏನು ಬೆಳೀತಾರೆ ಅಂತ ಒಂದು ಮಗುಗೂ ಗೊತ್ತಿಲ್ಲ! ಹೋಗಿ ಕೇಳ್ಕೊಂಡು ಬಂದ್ರು. ಬಾರ್ಲಿ, ಓಟ್ಸು, ಆಲೂಗೆಡ್ಡೆ. ಬಾರ್ಲಿ ಎಲ್ಲಿಗೆ ಹೋಗುತ್ತೆ ಅಂದ್ರೆ ಒಂದು ಪಾಲು ವಿಸ್ಕಿ ಮಾಡೋಕೆ, ಅದನ್ನ ಹತ್ತು ವರ್ಷದ ಮಕ್ಕಳು ಮಲಾವಿಗೆ ವಿವರಿಸಿದ್ದು ಒಂದು ದೊಡ್ಡ ಕಥೆ, ಇರ್ಲಿ ಬಿಡಿ. ಅಕ್ಟೋಬರ್ ರಜೆಗೆ ಇಲ್ಲಿಯ ಹಳಬರು ಇವತ್ತಿಗೂ ಟ್ಯಾಟಿ ಹಾಲಿಡೇ ಅಂತಾರೆ, ಆಲೂಗೆಡ್ಡೆ ಕೀಳೋಕೆ ಮಕ್ಕಳು ಬೇಕು ಅಂತ ಸ್ಕೂಲಿಗೆ ರಜೆ ಕೊಡ್ತಿದ್ರಂತೆ, ಒಬ್ಬಳ ಅಜ್ಜಿ ಕ್ಲಾಸಿಗೆ ಬಂದು ಬೆನ್ನು ಹೆಂಗೆ ನೋಯ್ತಿತ್ತು ಅಂತ ಹೇಳಿದ್ರು. ಎಲ್ಲೋ ಮಲಾವಿಯಿಂದ ಒಂದು ಪ್ರಶ್ನೆ ಬರದೇ ಇದ್ದಿದ್ರೆ ಆ ಅಜ್ಜಿನ ಯಾರೂ ಕರೀತಿರ್ಲಿಲ್ಲ. ನನ್ನ ಲೆಕ್ಕದಲ್ಲಿ ಒಂದು ಸ್ಕೂಲ್ ಲಿಂಕು ಚೆನ್ನಾಗಿದೆಯೋ ಇಲ್ವೋ ಅಂತ ನೋಡೋಕೆ ಇದೊಂದೇ ಪರೀಕ್ಷೆ ಸಾಕು, ಆ ಕಡೆಯೋರಿಗೆ ಪ್ರಶ್ನೆ ಕೇಳೋ ಅವಕಾಶ ಇದೆಯಾ, ಅದಕ್ಕೆ ಈ ಕಡೆಯೋರು ತಲೆ ಕೆರ್ಕೊಂಡು ಉತ್ತರ ಹುಡುಕಿದ್ರಾ?

ಕೇಕ್ ಮಾರೋದು ನಿಂತು ಅಕ್ಕಿ ಮಾರೋದು ಶುರು ಆಯ್ತು. ಪೈಸ್ಲಿ ಅನ್ನೋ ಊರಲ್ಲಿ ಜೆಟಿಎಸ್ (ಜಸ್ಟ್ ಟ್ರೇಡಿಂಗ್ ಸ್ಕಾಟ್ಲೆಂಡ್, ಆಮೇಲೆ ಟ್ರೂ ಒರಿಜಿನ್ ಅಂತ ಹೆಸರು ಬದಲಾಯ್ತು) ಅಂತ ಒಂದು ಫೇರ್ ಟ್ರೇಡ್ ಸಂಸ್ಥೆ ಇತ್ತು, ಅಂದ್ರೆ ಬೆಳೆದೋರಿಗೆ ನ್ಯಾಯವಾದ ಬೆಲೆ ಕೊಟ್ಟು ತಗೊಳ್ಳೋದು, ಮಲಾವಿಯ ಉತ್ತರದ ಕರೋಂಗಾ ಕಡೆ ಬೆಳೆಯೋ ಕಿಲೊಂಬೆರೊ ಅನ್ನೋ ಪರಿಮಳದ ಅಕ್ಕಿ ತರಿಸ್ತಿದ್ರು. ಸ್ಕೂಲುಗಳಿಗೆ 90 ಕೆಜಿ ಚಾಲೆಂಜ್ ಅಂತ ಕೊಡ್ತಿದ್ರು, ಯಾಕೆ 90 ಅಂದ್ರೆ ಅಷ್ಟು ಅಕ್ಕಿ ಮಾರಿದ್ರೆ ಅಲ್ಲಿಯ ಒಬ್ಬ ರೈತ ತನ್ನ ಒಂದು ಮಗುನ ಒಂದು ವರ್ಷ ಹೈಸ್ಕೂಲಿಗೆ ಕಳಿಸಬಹುದು ಅನ್ನೋ ಲೆಕ್ಕ. ಇಲ್ಲಿ ದಾನ ಇಲ್ಲ, ಬೆಳೆದೋನು ಮಾರ್ತಾನೆ, ತಿನ್ನೋನು ದುಡ್ಡು ಕೊಟ್ಟು ತಗೋತಾನೆ. ಗಣಿತ ಪೀರಿಯಡ್ಡಲ್ಲಿ ಒಂದು ಕೆಜಿ ಪ್ಯಾಕೆಟ್ ಇಟ್ಕೊಂಡು ರೈತನಿಗೆ ಎಷ್ಟು, ಮಿಲ್ಲಿಗೆ ಎಷ್ಟು, ಹಡಗಿಗೆ ಎಷ್ಟು, ಅಂಗಡಿಗೆ ಎಷ್ಟು ಅಂತ ಊಹೆ ಮಾಡಿ ಪಾಲು ಹಾಕಿದ್ರು. ಅವತ್ತು ಮಾರಾಟದ ಟೇಬಲ್ಲಿಗೆ ನಾನು ಅದೇ ಅಕ್ಕಿಯಲ್ಲಿ ಚಿತ್ರಾನ್ನ ಮಾಡ್ಕೊಂಡು ಹೋಗಿದ್ದೆ, ಚೆನ್ನಾಗೇ ಆಗಿತ್ತು, ನಿಂಬೆಹಣ್ಣು ಮಾತ್ರ ಇಲ್ಲಿದು ಸಪ್ಪೆ.

ಇನ್ನೊಂದು ಕಡೆ ನೋಡಿದ್ದು ಹೇಳ್ಬೇಕು, ಯಾವ ಸ್ಕೂಲು ಅಂತ ಬೇಡ. ಹಳೇ ನ್ಯೂಸ್‌ಪೇಪರಲ್ಲಿ ಚೀಲ ಮಾಡೋ ಆಟ, ನೀವು ಇಂಡಿಯಾದ ಒಂದು ಬಡ ಕುಟುಂಬ, ಇಷ್ಟು ನಿಮಿಷದಲ್ಲಿ ಇಷ್ಟು ಚೀಲ ಅಂಟಿಸಿದ್ರೆ ಮಾತ್ರ ರಾತ್ರಿ ಊಟ. ಮಕ್ಕಳು ಕಿರುಚಾಡ್ಕೊಂಡು ಅಂಟಿಸಿದ್ರು, ಸೋತ ಟೇಬಲ್ಲು ಅಳೋ ನಾಟಕ ಮಾಡ್ತು. ಆಟ ಮುಗಿದ ಮೇಲೆ ಒಬ್ಬಳು ನನ್ನ ಹತ್ರ ಬಂದು ಮೆಲ್ಲಗೆ "ನೀವು ಚಿಕ್ಕೋರಿದ್ದಾಗ ದಿನಕ್ಕೆ ಎಷ್ಟು ಚೀಲ ಮಾಡ್ತಿದ್ರಿ?" ಅಂದಳು. ಅವಳ ತಪ್ಪೇನಿದೆ ಹೇಳಿ. ನಾನು ತುಮಕೂರಲ್ಲಿ ಬೆಳೆದಿದ್ದು, ನಮ್ಮಪ್ಪ ಬ್ಯಾಂಕಲ್ಲಿದ್ರು, ನ್ಯೂಸ್‌ಪೇಪರ್ ರದ್ದಿಗೆ ಹಾಕ್ತಿದ್ವಿ ಅಂದೆ. ಅವಳಿಗೆ ನಿರಾಸೆ ಆದಂಗಿತ್ತು.

ಬಾಲಕಾರ್ಮಿಕರ ಪಾಠನೂ ಹಂಗೇ ಆಗ್ಬಹುದಿತ್ತು. ಎಲ್ಲೆಲ್ಲಿ ಮಕ್ಕಳು ಕೆಲ್ಸ ಮಾಡ್ತಾರೆ ಬರೀರಿ ಅಂದ್ರೆ ಎಲ್ಲರೂ ಆಫ್ರಿಕಾ, ಇಂಡಿಯಾ, ಬಾಂಗ್ಲಾದೇಶ ಅಂತ ಬರೆದ್ರು. ಆಮೇಲೆ ಬ್ಲಾಂಟೈರಿಗೆ ಟ್ರಿಪ್ ಕರ್ಕೊಂಡು ಹೋದ್ರು, ಲಿವಿಂಗ್‌ಸ್ಟನ್ ಹುಟ್ಟಿದ ಮನೆ ಈಗ ಮ್ಯೂಸಿಯಂ, ರಿಪೇರಿಯಾಗಿ 2021ರಲ್ಲಿ ಮತ್ತೆ ತೆರೆದಿದೆ. ಆ ದೊಡ್ಡ ಮನುಷ್ಯ ಹತ್ತನೇ ವಯಸ್ಸಿಗೆ ಅಲ್ಲಿಯ ಹತ್ತಿ ಗಿರಣಿಗೆ ಸೇರಿದ್ದ, ಬೆಳಿಗ್ಗೆ ಆರರಿಂದ ರಾತ್ರಿ ಎಂಟರ ತನಕ ಮಿಷಿನ್ ಕೆಳಗೆ ತೂರಿ ತುಂಡಾದ ದಾರ ಗಂಟು ಹಾಕೋ ಕೆಲ್ಸ, ಆಮೇಲೆ ರಾತ್ರಿ ಶಾಲೆ. ನಮ್ಮ ಮಕ್ಕಳಿಗೂ ಹತ್ತು ವರ್ಷ! ಆ ಹತ್ತಿ ಎಲ್ಲಿಂದ ಬರ್ತಿತ್ತು ಅಂತ ಕೇಳಿದ್ರೆ ಅಲ್ಲಿಗೆ ಗುಲಾಮರ ತೋಟಗಳ ಕಥೆನೂ ಬರುತ್ತೆ, ಆ ಗುಲಾಮಗಿರಿ ವಿರುದ್ಧವೇ ಆಮೇಲೆ ಅವನು ಆಫ್ರಿಕಾದಲ್ಲಿ ನಿಂತು ಮಾತಾಡಿದ್ದು. ಮ್ಯೂಸಿಯಮ್ಮಲ್ಲಿ ನನಗೆ ಇಷ್ಟ ಆಗಿದ್ದು, ಅವನ ಜೊತೆಗಿದ್ದ ಆಫ್ರಿಕನ್ನರ ಹೆಸರು ಈಗ ದೊಡ್ಡದಾಗಿ ಹೇಳ್ತಾರೆ. ಲಿವಿಂಗ್‌ಸ್ಟನ್ 1873ರಲ್ಲಿ ಈಗಿನ ಜಾಂಬಿಯಾದಲ್ಲಿ ಸತ್ತಾಗ ಹೆಣವನ್ನ ಸಮುದ್ರದ ತನಕ ಸಾವಿರದೈನೂರು ಕಿಲೋಮೀಟರಿಗಿಂತ ಹೆಚ್ಚು ಹೊತ್ಕೊಂಡು ಬಂದೋರು ಚುಮಾ, ಸೂಸಿ, ಜೇಕಬ್ ವೇನ್‌ರೈಟ್ ಮತ್ತೆ ಅವರ ಜೊತೆಯೋರು. ಈ ವೇನ್‌ರೈಟ್ ಓದಿದ್ದು ಎಲ್ಲಿ ಗೊತ್ತಾ? ನಮ್ಮ ನಾಸಿಕ್‌ನಲ್ಲಿ! ಗುಲಾಮರ ಹಡಗಿಂದ ಬಿಡಿಸಿದ ಮಕ್ಕಳಿಗೆ ಅಲ್ಲೊಂದು ಮಿಷನ್ ಸ್ಕೂಲಿತ್ತು. ಚುಮಾನೂ ಬಾಂಬೆಯಲ್ಲಿ ಸ್ವಲ್ಪ ಕಾಲ ಓದಿದ್ದ. ಅಂದ್ರೆ ಇಂಟರ್‌ನ್ಯಾಷನಲ್ ಲಿಂಕ್ ಅನ್ನೋದು ಈಗಿನ ಜೂಮ್ ಕಾಲದ ಹೊಸ ಐಡಿಯಾ ಏನಲ್ಲ.

ಮಕ್ಕಳ ಹಕ್ಕುಗಳ ವಿಷಯಕ್ಕೆ ಬಂದ್ರೆ ವಿಶ್ವಸಂಸ್ಥೆಯ ಒಡಂಬಡಿಕೆನ ಸ್ಕಾಟ್ಲೆಂಡ್ ತನ್ನ ಕಾನೂನಿಗೇ ಸೇರಿಸ್ಕೊಂಡಿದೆ, 2024ರ ಜುಲೈ 16ರಿಂದ ಜಾರಿ. ಮಕ್ಕಳು ಅದನ್ನ ಬಾಯಿಪಾಠ ಮಾಡಿದಾರೆ, ಆಟದ ಪೀರಿಯಡ್ ಕಟ್ ಮಾಡಿದ್ರೆ "ಮಿಸ್, ಆರ್ಟಿಕಲ್ 31" ಅಂತ ತಿರುಗಿಬೀಳ್ತಾರೆ. ಆದ್ರೆ ನಾನು ಸ್ಟಾಫ್ ರೂಮಲ್ಲಿ ಹೆಮ್ಮೆಯಿಂದ ಹೇಳಿದ್ದು ನಮ್ಮ ಕುಂದಾಪುರ ತಾಲೂಕಿನ ಕಥೆ. ಕರ್ನಾಟಕದಲ್ಲಿ 1990ರಲ್ಲೇ ದುಡಿಯೋ ಮಕ್ಕಳು ಭೀಮ ಸಂಘ ಅಂತ ತಮ್ಮದೇ ಸಂಘ ಕಟ್ಕೊಂಡಿದ್ರು, ಮಕ್ಕಳ ಪಂಚಾಯಿತಿಗಳು ಶುರುವಾದ್ವು, ಈಗ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ಮಾಡ್ಲೇಬೇಕು ಅಂತ ಸರ್ಕಾರದ ಆದೇಶನೇ ಇದೆ. ಎಷ್ಟೋ ಕಡೆ ಶಾಮಿಯಾನ ಹಾಕಿ, ಭಾಷಣ ಮಾಡಿ, ಬಿಸ್ಕೆಟ್ ಕೊಟ್ಟು ಮುಗಿಸ್ತಾರೆ, ಗೊತ್ತು. ಆದ್ರೂ ಒಂದು ಹುಡುಗಿ ಎದ್ದು ನಿಂತು ಶೌಚಾಲಯದಲ್ಲಿ ನೀರಿಲ್ಲ ಅಂತ ಪಿಡಿಒ ಮುಖಕ್ಕೇ ಹೇಳೋ ಜಾಗ ಅದು. ಇಲ್ಲಿಯೋರು ಅದನ್ನ ಕೇಳಿ ನೋಟ್ಸ್ ಮಾಡ್ಕೊಂಡ್ರು, ನಿಜವಾಗ್ಲೂ.

ಅಲ್ಲಿಂದಲೇ ಅಕ್ಕನ ಕ್ಲಾಸಿನ ಜೊತೆ ಮಾತು ಶುರುವಾಗಿದ್ದು. ನಮ್ಮಕ್ಕ ತಿಪಟೂರು ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. "ಏ ಹೋಗೆ, ನನಗೆ ಇಲ್ಲಿ ಆ್ಯಪಲ್ಲಿ ಹಾಜರಿ ಹಾಕೋದಕ್ಕೇ ಪುರುಸೊತ್ತಿಲ್ಲ" ಅಂದ್ಲು ಮೊದಲು. ಆಮೇಲೆ ಎಚ್‌ಎಂ ಒಪ್ಪಿದ್ರು, ಪೇರೆಂಟ್ಸ್ ಹತ್ರ ಸಹಿ ಹಾಕಿಸಿದ್ರು, ಇಲ್ಲಿಯೂ ಫಾರ್ಮು ಮೇಲೆ ಫಾರ್ಮು, ಮುಖ ಕಾಣಿಸೋ ಫೋಟೋ ಬೇಡ ಅಂತ ಎರಡೂ ಕಡೆ ತೀರ್ಮಾನ. ಲೈವ್ ವಿಡಿಯೋ ನೆಚ್ಕೋಬೇಡಿ, ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ, ಇಲ್ಲಿ ಒಂಬತ್ತೂವರೆ ಅಂದ್ರೆ ಅಲ್ಲಿ ಮಧ್ಯಾಹ್ನ ಮೂರು, ಸಿಗೋದು ಒಂದು ಗಂಟೆ, ಅದರಲ್ಲಿ ಅರ್ಧ "ಹಲೋ ಕೇಳಿಸ್ತಿದೆಯಾ"ಗೆ ಹೋಗುತ್ತೆ. ರೆಕಾರ್ಡ್ ಮಾಡಿ ಕಳಿಸೋದೇ ವಾಸಿ. ಮಕ್ಕಳು ಕನ್ನಡದಲ್ಲೇ ಮಾತಾಡಲಿ ಅಂದೆ, ಕೆಳಗೆ ಇಂಗ್ಲಿಷ್ ಸಾಲು ನಾನು ಹಾಕ್ತೀನಿ.

ಅಕ್ಕನ ಮಕ್ಕಳ ಪ್ರಶ್ನೆಗಳು ನೋಡ್ಬೇಕಿತ್ತು. ಡಿಸೆಂಬರಲ್ಲಿ ಮೂರೂ ಮುಕ್ಕಾಲಿಗೇ ಸೂರ್ಯ ಮುಳುಗ್ತಾನೆ ಅಂದಿದ್ದಕ್ಕೆ "ಹಂಗಾದ್ರೆ ಸಾಯಂಕಾಲದ ಹಾಲು ಎಷ್ಟೊತ್ತಿಗೆ ಕರೀತೀರ? ಡೈರಿಲಿ ಲೀಟರಿಗೆ ಎಷ್ಟು ಕೊಡ್ತಾರೆ? ಫ್ಯಾಟ್ ನೋಡ್ತಾರಾ?" ಪಿ6ರಲ್ಲಿ ಒಂದೇ ಒಂದು ಹುಡುಗಿ ರೈತರ ಮನೆಯೋಳು, ಯಾವತ್ತೂ ಮಾತಾಡದೋಳು, ಅವತ್ತು ಹತ್ತು ನಿಮಿಷ ಮಾತಾಡಿದ್ಲು, ಅವರ ಮನೆಯಲ್ಲಿ ರೋಬೋಟ್ ಹಾಲು ಕರೆಯುತ್ತಂತೆ. ಆ ವಿಡಿಯೋ ಅಕ್ಕನ ಊರಲ್ಲಿ ಡೈರಿ ಸೆಕ್ರೆಟರಿ ತನಕ ಹೋಗಿದೆ. ಇಲ್ಲಿಯ ಮಕ್ಕಳು ತೆಂಗಿನಕಾಯಿ ಅಂದ್ರೆ ಒಳಗೆ ಕೊಬ್ಬರಿ ತುಂಬಿರೋ ಬೌಂಟಿ ಚಾಕ್ಲೇಟ್ ಅಂದ್ಕೊಂಡಿದ್ರು, ಅವರಿಗೆ ಕೊಬ್ಬರಿ ಅಟ್ಟದ ವಿಡಿಯೋ ಬಂತು, ರೇಟು ಬಿದ್ರೆ ಮನೆಯಲ್ಲಿ ಏನಾಗುತ್ತೆ ಅಂತ ಒಬ್ಬ ಹುಡುಗ ದೊಡ್ಡೋರ ಥರ ಕೈ ತಿರುಗಿಸ್ಕೊಂಡು ಹೇಳಿದಾನೆ. ಮಲಾವಿ ಅಕ್ಕಿ ಲೆಕ್ಕ ಹಾಕಿದ್ದ ಮಕ್ಕಳಿಗೆ ಅದು ತಕ್ಷಣ ಅರ್ಥ ಆಯ್ತು.

ದೊಡ್ಡ ಗಲಾಟೆ ಆಗಿದ್ದು ಊಟದ ವಿಷಯಕ್ಕೆ. ಮಲಾವಿಯ ಲಕ್ಷಾಂತರ ಮಕ್ಕಳಿಗೆ ಸ್ಕೂಲಲ್ಲಿ ಗಂಜಿ ಕೊಡೋದು ಮೇರೀಸ್ ಮೀಲ್ಸ್ ಅನ್ನೋ ಸ್ಕಾಟ್ಲೆಂಡಿನ ಸಂಸ್ಥೆ, 2002ರಲ್ಲಿ 200 ಮಕ್ಕಳಿಂದ ಶುರುವಾಗಿದ್ದು, ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಹಂಗಾಗಿ ನಮ್ಮ ಮಕ್ಕಳ ತಲೆಯಲ್ಲಿ "ನಾವು ಊಟ ಕೊಡೋರು, ಅವರು ತಿನ್ನೋರು" ಅಂತ ಕೂತಿತ್ತು. ಅಷ್ಟರಲ್ಲಿ ಅಕ್ಕನ ಸ್ಕೂಲಿಂದ ಅಕ್ಷರ ದಾಸೋಹದ ವಿಡಿಯೋ ಬಂತು, ಸಾಲಾಗಿ ಕೂತು ಅನ್ನ ಸಾಂಬಾರು, ಹಾಲು, ಮೊಟ್ಟೆ, ಮೊಟ್ಟೆ ತಿನ್ನದೋರಿಗೆ ಬಾಳೆಹಣ್ಣು. ದುಡ್ಡು ಎಷ್ಟು ಕೊಡ್ಬೇಕು ಅಂತ ಪಿ6 ಕೇಳ್ತು. ಏನೂ ಇಲ್ಲ, ಸರ್ಕಾರಿ ಸ್ಕೂಲಲ್ಲಿ ಹತ್ತನೇ ಕ್ಲಾಸ್ ತನಕ ಎಲ್ಲರಿಗೂ ಫ್ರೀ, ಪ್ರೈಮರಿ ಮಕ್ಕಳಿಗೆ ಬೇಯಿಸಿದ ಊಟ ಕೊಡ್ಲೇಬೇಕು ಅಂತ 2001ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂತ ಉತ್ತರ ಹೋಯ್ತು. ಇಲ್ಲಿ ನೋಡಿ, ಎಲ್ಲಾ ಮಕ್ಕಳಿಗೂ ಫ್ರೀ ಊಟ ಇರೋದು ಪಿ5 ತನಕ, ಪಿ6ಕ್ಕೆ ಬಂದ ತಕ್ಷಣ ಬಹುತೇಕ ಕಡೆ ಕಡಿಮೆ ಆದಾಯದ ಮನೆಯೋರಿಗೆ ಮಾತ್ರ. ಅಂದ್ರೆ ಈ ಮಕ್ಕಳು ಹೋದ ವರ್ಷ ಫ್ರೀಯಾಗಿ ತಿಂದು ಈ ವರ್ಷ ದುಡ್ಡು ಕೊಡ್ತಿರೋರು! "ಇಂಡಿಯಾದಲ್ಲಿ ಆಗುತ್ತೆ ಅಂದ್ರೆ ಇಲ್ಲಿ ಯಾಕಾಗಲ್ಲ" ಅಂತ ಶುರು ಹಚ್ಕೊಂಡ್ರು, ಪಾರ್ಲಿಮೆಂಟ್ ಮೆಂಬರಿಗೆ ಪತ್ರ ಬರೆದ್ರು. ಎರಡು ಪುಟದ ಉತ್ತರ ಬಂತು, ಲೆಟರ್‌ಹೆಡ್ ಚೆನ್ನಾಗಿತ್ತು, ಒಳಗೆ ಏನೂ ಇರ್ಲಿಲ್ಲ, ಅದು ಹೆಂಗೆ ಬರೀತಾರೆ ಅನ್ನೋದೂ ಒಂದು ಕಲಿಕೆನೇ ಬಿಡಿ.

ಈಗ ಮೂರೂ ಕಡೆ ಸೇರಿಸಿ ಮಾಡ್ತಿರೋದು ತಿಂಡಿ ಮತ್ತೆ ಆಟ. ಮಲಾವಿಯ ಎನ್‌ಸಿಮಾ ಅಂದ್ರೆ ಮುಸುಕಿನ ಜೋಳದ ಹಿಟ್ಟಿನ ಗಟ್ಟಿ ಅಂಬಲಿ ಥರದ್ದು, ಕೈಯಲ್ಲಿ ಮುರಿದು ಪಲ್ಯದ ಜೊತೆ ತಿಂತಾರೆ, ಅಕ್ಕನ ಮಕ್ಕಳು ನೋಡಿದ ತಕ್ಷಣ "ಮುದ್ದೆ!" ಅಂದ್ರು. ನಮ್ಮ ರಾಗಿನೂ ಮೂಲದಲ್ಲಿ ಪೂರ್ವ ಆಫ್ರಿಕಾದ ಬೆಟ್ಟದ ಸೀಮೆಯಿಂದ ಸಾವಿರಾರು ವರ್ಷದ ಹಿಂದೆ ಬಂದಿದ್ದು, ಅದನ್ನ ಅಕ್ಕ ಕ್ಲಾಸಲ್ಲಿ ಹೇಳಿದಾಗ ಒಬ್ಬ ನಂಬಲೇ ಇಲ್ಲ, "ರಾಗಿ ನಮ್ಮದೇ ಮಿಸ್" ಅಂತ ಮನೆಗೆ ಹೋಗಿ ತಾತನ್ನ ಕೇಳ್ಕೊಂಡು ಬಂದ. ಅಳಗುಳಿ ಮಣೆಗೂ ಅಲ್ಲೊಂದು ಅಣ್ಣ ಇದಾನೆ, ಬಾವೊ ಅಂತ, ನಮ್ಮದು ಏಳೇಳರ ಎರಡು ಸಾಲು, ಅವರದ್ದು ಎಂಟೆಂಟರ ನಾಲ್ಕು ಸಾಲು. ಇಲ್ಲಿಯ ಮಕ್ಕಳು ಮೊಟ್ಟೆ ಟ್ರೇ ಕತ್ತರಿಸಿ ಎರಡನ್ನೂ ಮಾಡಿದಾರೆ, ಹುಣಸೆ ಬೀಜ ಸಿಗಲ್ಲ, ಒಣಗಿದ ಬಟಾಣಿ.

ಬೆಂಗಳೂರಿನ ಆ ಸ್ಕೂಲು ಕೆಟ್ಟದ್ದು ಅಂತ ಅಲ್ಲ, ನನಗೆ ಗೊತ್ತೂ ಇಲ್ಲ. ದುಡ್ಡಿರೋ ಸ್ಕೂಲುಗಳಿಗೆ ಸರ್ಟಿಫಿಕೇಟು, ಎಕ್ಸ್‌ಚೇಂಜ್ ಟ್ರಿಪ್ಪು ಎಲ್ಲಾ ಸಿಗುತ್ತೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಜಾಗತಿಕ ಪೌರತ್ವ ಶಿಕ್ಷಣ ಅನ್ನೋ ಮಾತಿದೆ. ಆದ್ರೆ ಹಾಲಿನ ಫ್ಯಾಟ್ ಕೇಳೋ ಮಗು ಇರೋದು ಅಕ್ಕನ ಸ್ಕೂಲಲ್ಲಿ, ಅಲ್ಲಿಗೆ ಯಾರೂ ಆ್ಯಡ್ ಹಾಕಲ್ಲ. ಒಂದು ಫೋನು, ಒಪ್ಪೋ ಎಚ್‌ಎಂ, ಆ ಕಡೆ ಪುರುಸೊತ್ತಿರೋ ಒಬ್ಬರು ಇದ್ರೆ ಸಾಕು. ಹೊರಗಡೆ ಇರೋ ಕನ್ನಡದೋರು ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋ ದುಡ್ಡಲ್ಲಿ ಕಾಲು ಭಾಗನೂ ಇದಕ್ಕೆ ಖರ್ಚಾಗಲ್ಲ, ಕೋಪ ಮಾಡ್ಕೋಬೇಡಿ, ನಾನೂ ಆ ಹಾಲಲ್ಲಿ ಬಿಸಿಬೇಳೆಬಾತ್ ತಿಂದಿದೀನಿ.

ಕೊನೆಗೆ ಒಂದು ಸಹಾಯ ಬೇಕು. ಅಳಗುಳಿ ಮಣೆ ರೂಲ್ಸು ಅಕ್ಕನ ಊರಲ್ಲಿ ಒಂದು ಥರ, ನಮ್ಮತ್ತೆ ಮಲೆನಾಡಿನೋರು, ಅವರು ಚೆನ್ನೆಮಣೆ ಅಂತ ಇನ್ನೊಂದು ಥರ ಹೇಳ್ತಾರೆ, ಇಬ್ಬರೂ ಫೋನಲ್ಲಿ ವಾದ ಮಾಡಿ ಬಿಟ್ಟಿದಾರೆ. ಖಾಲಿ ಗುಳಿ ಸಿಕ್ಕಿದ್ರೆ ಮುಂದಿನದ್ದು ತಗೋಬೇಕಾ, ಎದುರಿಂದೂ ಸೇರಿಸಿ ತಗೋಬೇಕಾ? ನಿಮ್ಮ ಕಡೆ ಹೆಂಗೆ ಆಡ್ತಾರೆ ಅಂತ ಊರಿನ ಹೆಸರು ಸಮೇತ ಕಾಮೆಂಟಲ್ಲಿ ಬರೀರಿ. ಮಾರ್ಚಲ್ಲಿ ಅಕ್ಕನ ಮಕ್ಕಳಿಗೆ ಪರೀಕ್ಷೆ ಅಂತೆ, ಅದರೊಳಗೆ ಕಳಿಸಿದ್ರೆ ಆಟ ಮುಗೀತದೆ.